ಹೂಂಗುಟ್ಟದವಳು

ನನ್ನ ಹೆಂಡತಿ ವಿಭಾಳಿಗೆ ಕಥೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಕೇಳುವುದಿಲ್ಲವೆಂದಲ್ಲ, ಮೈಯೆಲ್ಲ ಕಿವಿಯಾಗಿ ಕೇಳುತ್ತಾಳೆ. ಆದರೆ ತುಟಿ ಪಿಟಕ್ಕೆನ್ನುವುದಿಲ್ಲ. ತಲೆ ಮಾತ್ರ ಆಡಿಸುತ್ತಾಳೆ. ನಾನು ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನು ಮಾಡಿದಾಗಲೂ ತಲೆಯಾಡಿಸುತ್ತಾಳೆ. ನನಗೇನು ಕಾಣುತ್ತದೆ, ಮಣ್ಣು!

ಇದು ಅವಳ ಕಸುಬು ಕಲಿಸಿದ ಚಾಳಿ. ವಿಭಾ ಭಾಷಾವಿಜ್ಞಾನಿ. ಮೈಸೂರಿನಿಂದ ಇಲ್ಲಿಗೆ ಓದಲು ಬಂದವಳು ಇಂಡೊನೇಷ್ಯಾದ ಪುಟ್ಟ ದ್ವೀಪವೊಂದರ ಭಾಷೆಗೆ ಗಂಟುಬಿದ್ದಳು. ಲೊಹೆ ಎಂಬ ಆ ಭಾಷೆ ಆಡುವವರೆಲ್ಲ ಒಂದು ಮದುವೆ ಛತ್ರದಲ್ಲಿ ಹಿಡಿಸುತ್ತಾರೆ. ಬೇಸಿಗೆ ಬಂತೆಂದರೆ ರೆಕಾರ್ಡರು ಹೊತ್ತು ಹೊರಟಳೆಂದೇ ಅರ್ಥ. ಹೇಳುವವರ ಮಾತಿನ ಮೇಲೆ ಬೇರೆ ದನಿ ಬಿದ್ದರೆ ರೆಕಾರ್ಡಿಂಗು ಕೆಟ್ಟಂತೆ. ಅದಕ್ಕೇ ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ, ತನ್ನ ಬಾಯಿಗೂ ಬೀಗ ಹಾಕಿಕೊಂಡು, ಇನಾ ಸೇಲು ಎಂಬ ಅಜ್ಜಿಯ ಎದುರು ಕೂರುತ್ತಿದ್ದಳು. ಅಜ್ಜಿ ಹೇಳಿದ ಕಥೆಗಳಿಂದ ಪುಸ್ತಕ ಬರೆದಳು: ಲೊಹೆ ಕಥೆಗಳು ಚಿಕ್ಕವು, ಥಟ್ಟನೆ ಮುಗಿಯುತ್ತವೆ, ಅದೇ ಅವುಗಳ ಸೊಗಸು ಎಂದು. ಪುಸ್ತಕಕ್ಕೆ ಹೆಸರು ಬಂತು, ಅವಳ ಕೆಲಸ ಖಾಯಂ ಆಯಿತು. ಲಿವರ್‌ಮೋರ್ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಾನೇ ಡಂಗುರ ಸಾರಿದೆ.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಆಮೇಲೊಂದು ಸಂಜೆ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿಭಾ ಅಜ್ಜಿಯ ಹಳೆಯ ದನಿಯನ್ನು ಸ್ಪೀಕರಿಗೆ ಹಾಕಿದಳು. ಕಳೆದುಹೋದ ಅಣ್ಣನನ್ನು ಹುಡುಕಲು ದೋಣಿ ಹತ್ತಿದ ಹುಡುಗಿಯ ಕಥೆ. ನನ್ನ ಅತ್ತೆ, ಎಂದರೆ ವಿಭಾಳ ತಾಯಿ ಜಲಜಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ಅಜ್ಜಿ ಒಂದು ಮಾತು ಹೇಳಿ ನಿಲ್ಲಿಸುವಳು. ಅತ್ತೆ "ಹೂಂ" ಎನ್ನುವರು. ಇನ್ನೊಂದು ಮಾತು, ಇನ್ನೊಂದು "ಹೂಂ". ಒಂದಕ್ಷರ ಅರ್ಥವಾಗದಿದ್ದರೂ ಎದುರಿಗೇ ಕೂತವರಂತೆ ಹೂಂಗುಟ್ಟಿದರು. ನನಗೋ ನಗು. ಅಷ್ಟರಲ್ಲಿ ಕಥೆ ಮುಗಿಯಿತು.

"ಅಯ್ಯೋ, ಅಷ್ಟೇನಾ? ಪಾಪ, ಅವ್ರು ಕಾಯ್ತಾ ಇದ್ರಲ್ಲೇ! ನೀನು ಹೂಂ ಅಂತಾನೇ ಇಲ್ಲ" ಎಂದರು ಅತ್ತೆ.

"ರೆಕಾರ್ಡಿಂಗ್ ಮಾಡೋವಾಗ ಮಾತಾಡಬಾರ್ದಮ್ಮ."

"ನಮ್ಮಮ್ಮ ಕಥೆ ಹೇಳೋವಾಗ ನೀನು ಹೂಂ ಅನ್ನದೆ ಇದ್ರೆ ಏನ್ ಮಾಡ್ತಿದ್ರು? ಮಗು ಮಲಗ್ತು ಅಂತ ದೀಪ ಆರಿಸಿ ಎದ್ದು ಹೋಗ್ತಿದ್ರು. ಮರ್ತುಬಿಟ್ಯಾ?"

ವಿಭಾಳ ಮುಖ ಬಿಳಿಚಿಕೊಂಡಿತು. ದ್ವೀಪದಲ್ಲಿ ಆಗ ಬೆಳಗು. ಅಜ್ಜಿಯ ಮಗಳು ಲೀನಾಗೆ ಫೋನು ಹಚ್ಚಿದಳು. ಮಾತು ಮುಗಿಸಿದವಳು ನಮ್ಮ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ಹೇಳಿದಳು.

"ಅವ್ರಲ್ಲೂ ಕೇಳೋರು 'ಓಯ್' ಅನ್ಬೇಕಂತೆ. ಅನ್ನದಿದ್ರೆ ಸುಸ್ತಾಗಿದೆ, ಸಾಕು ಅಂತ ಅರ್ಥವಂತೆ. 'ಪಾಪ ಆ ಹುಡುಗಿ, ಬೇಗ ಸುಸ್ತಾಗ್ತಾಳೆ, ಇವತ್ತೂ ಕಥೆ ಬೇಗ ಮುಗಿಸಿಬಿಟ್ಟೆ' ಅಂತ ಅಜ್ಜಿ ಮನೇಲಿ ಹೇಳ್ತಿದ್ರಂತೆ."

"ಲೀನಾ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದೆ ನಾನು.

"ಮನೆಗೆ ಬಂದೋರಿಗೆ ಹಾಗೆಲ್ಲ ಹೇಳ್ತಾರಾ? ನಾಚಿಕೆ ಆಗುತ್ತೆ, ಅಚ್ಯುತ. ಅವ್ರು ನನ್ನ ಮೇಲೆ ತೋರಿಸಿದ ಕನಿಕರಾನ ನಾನು ಆ ಭಾಷೆ ಸೊಗಸು ಅಂತ ಬರೆದೆ. ಅಲ್ಲಿ ಸ್ಕೂಲಲ್ಲಿ ಮಕ್ಕಳು ಈಗ ಆ ತುಂಡು ಕಥೆಗಳನ್ನೇ ಓದ್ತಿದ್ದಾರೆ."

ಡಂಗುರ ಸಾರಿದ್ದು ನೆನಪಾಗಿ ನನ್ನ ತಲೆಯೂ ತಗ್ಗಿತು. ಅತ್ತೆ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಮುಂದಿನ ಭಾನುವಾರ ಲೀನಾ ತನಗೆ ನೆನಪಿದ್ದಷ್ಟನ್ನು ಫೋನಿನಲ್ಲೇ ಹೇಳಲು ಒಪ್ಪಿದಳು. ಅದೇ ದೋಣಿಯ ಹುಡುಗಿಯ ಕಥೆ. ಪುಸ್ತಕದಲ್ಲಿ ದೋಣಿ ದಡ ಬಿಡುವಲ್ಲಿಗೇ ಮುಗಿದಿತ್ತು. ವಿಭಾ ಮಾತುಮಾತಿಗೂ "ಓಯ್" ಎನ್ನುತ್ತ ಕೂತಳು. ಅವಳ ಹಳೆಯ ಲೆಕ್ಕದಲ್ಲಿ ರೆಕಾರ್ಡಿಂಗು ಪೂರ್ತಿ ಹಾಳು. ದೋಣಿ ಕಡಲು ದಾಟಿತು, ಗೊತ್ತಿಲ್ಲದ ದ್ವೀಪ ಕಂಡಿತು, ದಡದಲ್ಲಿ ಯಾರೋ ಬೆನ್ನು ಮಾಡಿ ನಿಂತಿದ್ದರು. ಅಲ್ಲಿಗೆ ಲೀನಾ ನಿಲ್ಲಿಸಿ ಏನೋ ಹೇಳಿ ಮೆಲ್ಲಗೆ ನಕ್ಕಳು.

"ಏನಂತೆ?" ಎಂದು ಕೇಳಿದೆ.

"ಇಲ್ಲಿಂದಾಚೆ ಗೊತ್ತಿಲ್ವಂತೆ. ಚಿಕ್ಕವಳಿದ್ದಾಗ ಇಷ್ಟು ಹೊತ್ತಿಗೆ ನಿದ್ದೆ ಬಂದುಬಿಡ್ತಿತ್ತಂತೆ."

ವಿಭಾ ಮತ್ತೆ ಫೋನಿನ ಕಡೆ ಬಾಗಿ "ಓಯ್" ಎಂದಳು.