ನೋಡೋಣಪ್ಪ ಬರೆದಿಡದ ದಾರಿ

ನಮ್ಮ ಗಣಿಯ ನೋಡೋಣಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನ ಕೊರಳಿನ ಗುರುತಿನ ಬಿಲ್ಲೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿತ್ತು, ಅಷ್ಟೆ. ಏನೇ ಕೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು "ನೋಡೋಣ". ಮದುವೆಗೆ ಮುಂಚೆ ಹುಡುಗಿ, "ನಾನು ನಿಮಗೆ ಒಪ್ಪಿಗೆ ತಾನೆ?" ಎಂದು ಕೇಳಿದ್ದಕ್ಕೂ "ನೋಡೋಣ" ಎಂದನಂತೆ. "ಇಷ್ಟು ಹೊತ್ತು ನೋಡಿದ್ದೇನು, ಗೋಡೆನಾ?" ಎಂದು ಅವಳು ಎದ್ದು ಹೊರಟಾಗ ಹಿಂದೆಯೇ ಓಡಿಹೋಗಿ ಒಪ್ಪಿಕೊಂಡ. ಜೀವಮಾನದಲ್ಲಿ ಅವನು ಓಡಿದ್ದು ಎರಡೇ ಸಲ. ಎರಡನೆಯದು ಮುಂದೆ ಬರುತ್ತದೆ.

ಟೀ ಕೊಟ್ಟರೆ ಲೋಟದ ತಳ ಸರಿಯಿದೆಯೇ ಎಂದು ಮೊದಲು ತಲೆಕೆಳಗು ಮಾಡಿ ನೋಡುವವನು. ಅಷ್ಟರಲ್ಲಿ ಟೀ ನೆಲದ ಪಾಲು. ಇದು ಸ್ವಲ್ಪ ಹೆಚ್ಚಾಯಿತು ಎನ್ನಿ. ಆದರೆ ನೆಲದ ಮೇಲೆ ಕಲೆಗಳಿದ್ದದ್ದಂತೂ ನಿಜ.

ಅವನ ಕೆಲಸ ನೆಟ್‌ವರ್ಕಿನದು. ಗಣಿಯ ಬಾಯಿಯ ಪಕ್ಕದಲ್ಲಿ ದೀಪದ ಕೋಣೆ. ಕೆಳಗಿಳಿಯುವವರೆಲ್ಲ ಅಲ್ಲಿ ತಲೆದೀಪ ಪಡೆದು ಇಳಿಯಬೇಕು, ಮೇಲೆ ಬಂದು ಅದೇ ಕೊಕ್ಕೆಗೆ ತೂಗುಹಾಕಬೇಕು. ದೀಪ ಕೊಡುವವಳು ಅವನ ಹೆಂಡತಿಯೇ. ಆ ಕೋಣೆಯ ಹಿಂದೆ ಅವನ ಗೂಡು. ಇಡೀ ಗಣಿಯಲ್ಲಿ ತಣ್ಣಗಿದ್ದ ಜಾಗ ಅದೊಂದೇ. ಮನುಷ್ಯರಿಗಾಗಿ ಅಲ್ಲ, ಪೆಟ್ಟಿಗೆಗಳಿಗಾಗಿ. ಅಲ್ಲಿ ಒಂದು ರೌಟರ್ ಇತ್ತು. ಅದರ ತಮ್ಮ ಗಣಿಯ ತಳದಲ್ಲಿ, ಪಂಪಿನ ಕೋಣೆಯ ಬಳಿ. ಕೆಳಗಿನ ಫೋನಿನ ಮಾತು, ವಿಷಗಾಳಿಯ ಎಚ್ಚರಿಕೆ, ಎಲ್ಲಕ್ಕೂ ದಾರಿ ತೋರಿಸುವವು ಈ ಎರಡು ಪೆಟ್ಟಿಗೆ. ನಮ್ಮ ಗಣಿ ಎಷ್ಟು ಆಳವೆಂದರೆ ಸೋಮವಾರ ಕೆಳಗೆ ಸೀನಿದರೆ ಬುಧವಾರ ಮೇಲೆ ಕೇಳಿಸುತ್ತಿತ್ತು. ಫೋನಿಲ್ಲದೆ ಆಗುತ್ತಿರಲಿಲ್ಲ.

ಕೆಳಗಿನ ರೌಟರಿಗೆ ಏನಾದರೂ ಹೇಳಬೇಕಾದರೆ ನೋಡೋಣಪ್ಪ ಮೇಲೆ ಕೂತೇ ಕೀಲಿಮಣೆಯಲ್ಲಿ ಟೈಪು ಮಾಡುತ್ತಿದ್ದ. ಅವನ ಆಜ್ಞೆಗಳೂ ಅವನ ಹಾಗೆಯೇ. ಮೊದಲು 'ಶೋ'. ಶೋ ಐಪಿ ಇಂಟರ್‌ಫೇಸ್ ಬ್ರೀಫ್ ಎಂದರೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ತೋರಿಸು. ಶೋ ಐಪಿ ರೂಟ್ ಎಂದರೆ ಯಾವ ದಾರಿ ಎಲ್ಲಿಗೆ ಹೋಗುತ್ತದೆ ತೋರಿಸು. ಆಮೇಲೆ ಪಿಂಗ್: ಅಲ್ಲಿದ್ದೀಯಾ ಎಂದು ಕೂಗುವುದು. ಓಗೊಟ್ಟರೆ ಪರದೆಯ ಮೇಲೆ ಸಾಲಾಗಿ ಆಶ್ಚರ್ಯಸೂಚಕ ಚಿಹ್ನೆ, ಇಲ್ಲದಿದ್ದರೆ ಬರೀ ಚುಕ್ಕೆ. ಹೆಂಡತಿಯ ಮುನಿಸನ್ನೂ ಅವನು ಹೀಗೆಯೇ ಅಳೆಯುತ್ತಿದ್ದ. "ಬೆಳಿಗ್ಗೆಯಿಂದ ಬರೀ ಚುಕ್ಕೆ ಕಣಯ್ಯಾ" ಎಂದರೆ ಆ ದಿನ ಊಟದ ಡಬ್ಬಿ ಬಂದಿಲ್ಲವೆಂದು ನಾವು ಅರ್ಥಮಾಡಿಕೊಳ್ಳಬೇಕು.

ಈ ಪೆಟ್ಟಿಗೆಗಳಿಗೆ ಎರಡು ನೆನಪು. ಈಗ ಹೇಳಿದ್ದು ಒಂದು, ಬರೆದಿಟ್ಟದ್ದು ಇನ್ನೊಂದು. ಹೇಳಿದ್ದನ್ನು ಪೆಟ್ಟಿಗೆ ತಕ್ಷಣ ನಡೆಸುತ್ತದೆ. ಆದರೆ 'ರೈಟ್' ಎಂದು ಆಜ್ಞೆ ಕೊಟ್ಟು ಬರೆಸದಿದ್ದರೆ, ಒಮ್ಮೆ ಆರಿ ಎದ್ದಾಗ ಅದನ್ನೆಲ್ಲ ಮರೆತು ಹಳೆಯದನ್ನೇ ಹಿಡಿದುಕೊಂಡು ಏಳುತ್ತದೆ. ಕುಡಿದವನು ಮಾರನೆಯ ಬೆಳಿಗ್ಗೆ ಎದ್ದ ಹಾಗೆ.

ನೋಡೋಣಪ್ಪನಿಗೆ ಇಲ್ಲಿ ಎರಡು ಪದ್ಧತಿಗಳಿದ್ದವು. ಹೊಸದೇನು ಮಾಡಿದರೂ ಒಂದಷ್ಟು ದಿನ ಅದರ ನಡತೆ ನೋಡದೆ ಬರೆಸುತ್ತಿರಲಿಲ್ಲ. ಇನ್ನೊಂದು, ಕೆಳಗಿನ ಪೆಟ್ಟಿಗೆಯನ್ನು ಮುಟ್ಟುವ ಮುನ್ನ ಅದಕ್ಕೆ 'ರೀಲೋಡ್ ಇನ್' ಎಂದು ಗಡುವು ಕೊಡುತ್ತಿದ್ದ: ಇಷ್ಟು ನಿಮಿಷಕ್ಕೆ ನೀನಾಗಿಯೇ ಆರಿ ಏಳು ಅಂತ. ದೂರದಿಂದ ಕೆಲಸ ಮಾಡುವಾಗ ಕೈತಪ್ಪಿ ತಾನು ಬಂದ ಬಾಗಿಲನ್ನೇ ಮುಚ್ಚಿಕೊಂಡರೂ, ಪೆಟ್ಟಿಗೆ ಆರಿ ಎದ್ದು ತಪ್ಪನ್ನು ಮರೆತುಬಿಡುತ್ತದೆ. ಎಲ್ಲ ಸರಿಹೋದರೆ 'ರೀಲೋಡ್ ಕ್ಯಾನ್ಸಲ್' ಎಂದರೆ ಸಾಕು. ಬಾವಿಗೆ ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಹಾಗೆ. ಒಳ್ಳೆಯ ಪದ್ಧತಿ. ಯಾರೂ ತೆಗಳುವಂಥದ್ದಲ್ಲ.

ತೆಗಳುತ್ತಿದ್ದವನು ಒಬ್ಬನೇ, ಅವನ ಭಾವಮೈದುನ. ಪಂಪು ನೋಡಿಕೊಳ್ಳುವವನು. ಅಡ್ಡಹೆಸರು ಗುಡುಗು. ಅವನು ತಳದಲ್ಲಿ ಆಕಳಿಸಿದರೆ ಮೇಲೆ ಕಚೇರಿಯ ಕಿಟಕಿ ಗಾಜು ಅದುರುತ್ತಿತ್ತು. ಅವನಿಗೆ ಫೋನು ಕೊಟ್ಟದ್ದೇ ಗಣಿಯವರು ಮಾಡಿದ ದಂಡದ ಖರ್ಚು. ಅಕ್ಕನ ಕೈಯಿಂದ ದೀಪ ಪಡೆಯುವಾಗ ದಿನಾ ಭಾವನ ಗೂಡಿನೊಳಗೆ ತಲೆ ತೂರಿಸುವನು.

"ಭಾವ, ಗಾಳಿಬಾವಿಯಲ್ಲಿ ಹೊಸ ಕೇಬಲ್ ಎಳೆದ್ರಲ್ಲ, ಬರೆದಿಟ್ರಾ?"

"ನೋಡೋಣ. ಬಾಗಿಲು ತೆಗೆದಿದ್ದೀನಿ. ಒಂದು ವಾರ ಓಡ್ಲಿ."

"ನಮ್ಮಕ್ಕನ್ನ ಕಟ್ಟಿಕೊಂಡು ಇಷ್ಟು ವರ್ಷ ಆಯ್ತು. ಅದನ್ನಾದ್ರೂ ಬರೆದಿಟ್ಟಿದ್ದೀರೋ, ಇನ್ನೂ ಓಡಿಸಿ ನೋಡ್ತಾ ಇದ್ದೀರೋ?"

"ಲೋ, ಕೆಳಗೆ ಹೋಗೋ" ಎಂದು ಅವಳು ಕಿಟಕಿಯಿಂದ ಗದರುವಳು. "ನಿನ್ನ ಬಾಯಿಗೆ ಒಂದು ಬಾಗಿಲು ಇಡಿಸಬೇಕು."

ಹೊಸ ಕೇಬಲ್ ಎಳೆದ ಆ ವಾರವೇ ಗಣಿಗೆ ನೀರು ನುಗ್ಗಿತು. ಎಂದೋ ಕೈಬಿಟ್ಟಿದ್ದ ಹಳೆಯ ಸುರಂಗದಲ್ಲಿ ತುಂಬಿದ್ದ ನೀರು, ಗೋಡೆ ಒಡೆದುಕೊಂಡು ಬಂತು. ಬೆಳಗಿನ ಪಾಳಿಯವರು ಹೇಗೋ ಲಿಫ್ಟಿನಲ್ಲಿ ತುರುಕಿಕೊಂಡು ಮೇಲೆ ಬಂದರು. ಕೊನೆಯ ಸಲ ಲಿಫ್ಟು ಮೇಲೇರುವಾಗ ಒಳಗಿದ್ದವರ ಬೂಟಿನಿಂದ ನೀರು ಸುರಿಯುತ್ತಿತ್ತು. ಆಮೇಲೆ ಲಿಫ್ಟಿನ ಬಾವಿಯ ತಳವೇ ಮುಳುಗಿತು. ದೀಪದ ಕೋಣೆಯಲ್ಲಿ ಮೂರು ಕೊಕ್ಕೆಗಳು ಖಾಲಿ ಉಳಿದವು. ಪಂಪಿನ ಕೋಣೆಯ ಇಬ್ಬರು, ಮತ್ತು ಗುಡುಗು.

ಅವಳು ಖಾಲಿ ಕೊಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಗಂಡನ ಗೂಡಿಗೆ ಕೇಳುವಂತೆ ಹೇಳಿದಳು: "ಫೋನ್ ಮಾಡ್ರಿ ಅವನಿಗೆ."

ಫೋನು ಸತ್ತಿತ್ತು. ಹಳೆಯ ಕೇಬಲ್ ಲಿಫ್ಟಿನ ಬಾವಿಯಲ್ಲೇ ಇಳಿದಿತ್ತು. ನಡುವೆ ಅದರ ಕೊಂಡಿ ಪೆಟ್ಟಿಗೆಯೊಂದು ಮುಳುಗಿತ್ತು. ನೋಡೋಣಪ್ಪ ಹೊಸ ಕೇಬಲ್ಲಿನ ಮೂಲಕ ಪಿಂಗ್ ಮಾಡಿದ. ಆಶ್ಚರ್ಯಸೂಚಕಗಳ ಸಾಲು ಬಂತು. ಕೆಳಗಿನ ಪೆಟ್ಟಿಗೆ ಬದುಕಿತ್ತು.

ಅದೇ ದಾರಿಯಲ್ಲಿ ಅವನು ಅದರೊಳಗೆ ಹೋದ. ಶೋ ಎಂದ, ಮತ್ತೆ ಶೋ ಎಂದ. ಬಾಗಿಲೆರಡೂ ತೆರೆದೇ ಇದ್ದವು. ಹಳೆಯ ಕೇಬಲ್ಲಿನ ತುಂಡು ಇನ್ನೂ ಅಂಟಿಕೊಂಡಿದ್ದರಿಂದ ಪೆಟ್ಟಿಗೆ ಆ ದಾರಿ ಬದುಕಿದೆಯೆಂದೇ ನಂಬಿ, ಫೋನಿನ ಮಾತನ್ನೆಲ್ಲ ನೀರಿಗೆ ಸುರಿಯುತ್ತಿತ್ತು. ಹಳೆಯ ದಾರಿ ಅಳಿಸಿ ಹೊಸ ದಾರಿ ಹೇಳಬೇಕು. ಅಕ್ಷರ ತಪ್ಪಿದರೆ, ಇರುವ ಒಂದೇ ಎಳೆಯೂ ಕೈಬಿಟ್ಟು ಹೋಗುತ್ತದೆ.

"ಬೇಗ ರೀ" ಎಂದಳು ಅವಳು, ಬೆನ್ನ ಹಿಂದೆ.

"ಹಗ್ಗ ಕಟ್ಟಿಕೊಳ್ತೀನಿ ಇರು" ಎಂದ. ರೀಲೋಡ್ ಇನ್ ಇಪ್ಪತ್ತು ಎಂದು ಒತ್ತಿದ. ಆಮೇಲೆ ಉಗುರಿನಿಂದ ಮುಳ್ಳು ತೆಗೆಯುವವನ ಹಾಗೆ ಒಂದೊಂದೇ ಅಕ್ಷರ ಒತ್ತಿ ಹಳೆಯ ದಾರಿ ಅಳಿಸಿದ, ಹೊಸ ದಾರಿ ಹೇಳಿದ. ಎಂಟರ್.

ಪಕ್ಕದ ಮ್ಯಾನೇಜರ ಕೋಣೆಯಲ್ಲಿ ಫೋನು ಬಡಿದುಕೊಂಡಿತು.

"ಹಲೋ! ಯಾರಾದ್ರೂ ಇದ್ದೀರೇನ್ರೋ, ಎಲ್ಲ ಮನೆಗೆ ಹೋದ್ರಾ?" ಗುಡುಗಿನ ದನಿ ಬಾಗಿಲು ದಾಟಿ ಅಂಗಳಕ್ಕೆ ಬಂತು. ಅಂಗಳದಲ್ಲಿದ್ದವರು ಕಿರುಚಿದರು, ಯಾರೋ ಅತ್ತರು. ನೋಡೋಣಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಆ ಕೋಣೆಗೆ ಹೋದ. ಹೋಗುವ ಮುನ್ನ ಎರಡು ಪದ ಒತ್ತಬೇಕಿತ್ತು. ಒತ್ತಲಿಲ್ಲ.

ಕೆಳಗಿನವರಿಗೆ ಉಳಿದಿದ್ದ ದಾರಿ, ತಳಕ್ಕೆ ಗಾಳಿ ಇಳಿಸಲು ತೋಡಿದ್ದ ಗಾಳಿಬಾವಿಯೊಂದೇ. ಅದರಲ್ಲಿ ಕಬ್ಬಿಣದ ಏಣಿ ಇತ್ತು. ಆದರೆ ಅಲ್ಲಿಗೆ ಹೋಗುವ ಸುರಂಗವನ್ನು ಈಗಿನವರಾರೂ ತುಳಿದಿರಲಿಲ್ಲ. ನಡುವೆ ಒಂದು ಕವಲು. ಒಂದು ಕವಲು ಬಾವಿಗೆ, ಇನ್ನೊಂದರಲ್ಲಿ ಕೆಟ್ಟ ಗಾಳಿ ನಿಂತಿತ್ತು. ಯಾವುದು ಯಾವುದೆಂದು ಬಲ್ಲವರು ಗಣಿಯ ಹಳಬರಾದ ಸರ್ವೇಯರ್ ಅಜ್ಜ. ಅವರನ್ನು ಮನೆಯಿಂದ ಕರೆತಂದಿದ್ದರು. ನಕಾಶೆ ನೋಡದೆ ಅವರೂ ಖಚಿತವಾಗಿ ಹೇಳುವಂತಿರಲಿಲ್ಲ; ಕಚೇರಿಯವರು ಅದನ್ನು ಹುಡುಕುತ್ತಿದ್ದರು.

ಅಜ್ಜ ಫೋನಿಗೆ ಬಾಯಿಟ್ಟರು. "ಪಂಪಿನ ಕೋಣೆಯಿಂದ ನೇರ ನಡೀರಪ್ಪ. ಕವಲಲ್ಲಿ ಗೋಡೆ ಮೇಲೆ ಇನ್ನೊಂದು ಫೋನಿದೆ. ಅಲ್ಲಿಂದ ಮಾತಾಡಿ. ಅಷ್ಟರಲ್ಲಿ ನಕಾಶೆ ಸಿಗುತ್ತೆ."

ನೋಡೋಣಪ್ಪ ಫೋನು ಕಿತ್ತುಕೊಂಡ. "ಕೇಳೋ ಇಲ್ಲಿ. ನೋಡದೆ ಹೆಜ್ಜೆ ಇಡಬೇಡ. ನಾವು ಹೇಳೋವರೆಗೂ ಕವಲಲ್ಲೇ ಇರು. ನಿನ್ನ ಹುಡುಗಾಟ ಅಲ್ಲಿ ಬೇಡ."

"ಆಯ್ತು ಭಾವ. ಹೊಸ ಕೇಬಲ್ಲು ಪಾಸಾಯ್ತಲ್ಲ. ಇವತ್ತಾದ್ರೂ ಬರೆದಿಡಿ."

"ಮೇಲೆ ಬಾ, ನಿನ್ನ ಕೈಯಿಂದಲೇ ಬರೆಸ್ತೀನಿ."

ಅವರು ನಡೆದರು. ಮೇಲೆ ನಾವು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ನಿಂತೆವು. ನಕಾಶೆ ಬಂತು; ಇಲಿ ಕಡಿದದ್ದು, ಹಾಸಿಗೆಯಷ್ಟು ದೊಡ್ಡದು. ಅಜ್ಜ ಅದನ್ನು ಮೇಜಿನ ಮೇಲೆ ಹರಡಿ ಕನ್ನಡಕಕ್ಕೆ ತಡಕಾಡಿದರು. ಅದು ಅವರ ಹಣೆಯ ಮೇಲೇ ಇತ್ತು, ಮ್ಯಾನೇಜರೇ ಕೆಳಗಿಳಿಸಿದರು. ಯಾರೂ ನಗಲಿಲ್ಲ.

ಅತ್ತ ಗೂಡಿನಲ್ಲಿ, ಯಾರೂ ಇಲ್ಲದ ಕುರ್ಚಿಯ ಎದುರು, ಪರದೆ ಎಚ್ಚರಿಕೆ ಕೊಡುತ್ತಿತ್ತು. ಐದು ನಿಮಿಷಕ್ಕೆ ಆರುತ್ತೇನೆ ಎಂದಿತು. ಒಂದು ನಿಮಿಷಕ್ಕೆ ಆರುತ್ತೇನೆ ಎಂದಿತು. ಲೋಟದ ತಳ ನೋಡಿ ಟೀ ಕುಡಿಯುವವನು ಆವತ್ತು ಫೋನನ್ನೇ ನೋಡುತ್ತ ನಿಂತಿದ್ದ.

ಫೋನು ಬಡಿಯಿತು. "ಭಾವ, ಕವಲಿಗೆ ಬಂದ್ವಿ. ಇಲ್ಲಿ ತಲೆ ಸ್ವಲ್ಪ ಸುತ್ತುತ್ತೆ. ಎಡಕ್ಕಾ, ಬಲಕ್ಕಾ?"

ಅಜ್ಜನ ಬೆರಳು ನಕಾಶೆಯ ಮೇಲೆ ಹರಿದು ನಿಂತಿತು. "ಎಡಕ್ಕೆ."

"ಎಡಕ್ಕೆ ಕಣೋ, ಎಡಕ್ಕೆ!" ಎಂದ ನೋಡೋಣಪ್ಪ.

ಅತ್ತಲಿಂದ ಏನೂ ಇಲ್ಲ. ಸದ್ದಿಲ್ಲ, ಉಸಿರಿಲ್ಲ. "ಎಡಕ್ಕೆ ಹೋಗೋ!" ಎಂದು ಅಕ್ಕ ಫೋನು ಕಸಿದುಕೊಂಡು ಕೂಗಿದಳು.

ಆಗ ನೋಡೋಣಪ್ಪನ ಮುಖದ ಬಣ್ಣ ಇಳಿದದ್ದನ್ನು ನಾವು ಕಂಡೆವು. ಅವನು ಓಡಿದ. ನಾನು ಹೇಳಿದ ಎರಡನೆಯ ಓಟ ಇದೇ, ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.

ಪಿಂಗ್ ಎಂದ. ಚುಕ್ಕೆ. ಪೆಟ್ಟಿಗೆ ಏಳಲು ಕೆಲವು ನಿಮಿಷ ಬೇಕು ಎಂದುಕೊಂಡು ಕಾದ. ಮತ್ತೆ ಪಿಂಗ್. ಮತ್ತೆ ಚುಕ್ಕೆ. ಪೆಟ್ಟಿಗೆ ಆಗಲೇ ಎದ್ದಿರಬೇಕು. ಎದ್ದು ಬರೆದಿಟ್ಟ ನೆನಪನ್ನು ಓದಿಕೊಂಡಿರಬೇಕು. ಬರೆದಿಟ್ಟದ್ದರಲ್ಲಿ ಗಾಳಿಬಾವಿಯ ಹೊಸ ಕೇಬಲ್ಲಿನ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಅದನ್ನು ತೆರೆಯಲು ಕೆಳಗೆ ಹೋಗಿ ಪೆಟ್ಟಿಗೆಯ ಎದುರೇ ಕೂರಬೇಕು. ಕೆಳಗೆ ಹೋಗಲು ದಾರಿಯಿಲ್ಲ. ಅವನ ಕೈ ಮಾತ್ರ ಪಿಂಗ್ ಒತ್ತುತ್ತಲೇ ಇತ್ತು. ಪರದೆ ತುಂಬ ಚುಕ್ಕೆಗಳು, ಇರುವೆ ಸಾಲಿನ ಹಾಗೆ. ಕೊನೆಗೆ ಮ್ಯಾನೇಜರ್ ಬಂದು ಅವನ ಕೈ ಹಿಡಿದುಕೊಂಡರು.

ರಕ್ಷಣೆಯವರು ಗಾಳಿಬಾವಿಯ ತುಕ್ಕು ಹಿಡಿದ ಏಣಿಗೆ ಹಗ್ಗ ಬಿಗಿದು ಇಳಿಯುವ ಹೊತ್ತಿಗೆ ಮಾರನೆಯ ದಿನವಾಗಿತ್ತು. ಕವಲಿಗೆ ಹೋಗುವ ಎಡದ ಸುರಂಗ ಒಣಗಿತ್ತು, ಗಾಳಿ ಚೆನ್ನಾಗಿತ್ತು, ರಕ್ಷಣೆಯವರು ಮಾತಾಡಿಕೊಂಡೇ ನಡೆದರಂತೆ. ಮೂವರೂ ಕವಲಲ್ಲೇ ಗೋಡೆಗೆ ಒರಗಿ ಕೂತಿದ್ದರು. ಬಲಗಡೆಯಿಂದ ಕೆಟ್ಟ ಗಾಳಿ ಮೆಲ್ಲಗೆ ಹರಿದು ಬಂದಿತ್ತು. ಫೋನು ಗುಡುಗಿನ ಕಿವಿಯ ಬಳಿಯೇ ಇತ್ತು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಹುಡುಗ, ಅದೊಂದು ಸಲ ಭಾವನ ಮಾತು ಕೇಳಿದ್ದ.

ವಿಚಾರಣೆ ನಡೆಸಿದವರು ತಪ್ಪನ್ನು ನೀರಿನ ಮೇಲೆ ಹೊರಿಸಿದರು. ನೀರು ಎದುರುವಾದ ಮಾಡಲಿಲ್ಲ. ಫೋನು ಸತ್ತದ್ದೂ ನೀರಿನಿಂದಲೇ ಎಂದಾಯಿತು. ನೋಡೋಣಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರಾರೂ ಇರಲಿಲ್ಲ. ಅವನು ದೀಪದ ಕೋಣೆಗೆ ಹೋಗಿ, ನಾಲ್ಕು ಜನ ದೀಪಕ್ಕೆ ನಿಂತಿದ್ದರೂ ಲೆಕ್ಕಿಸದೆ, ಹೆಂಡತಿಯ ಎದುರು ನಿಂತ.

"ಲೈನ್ ಹೋಗಿದ್ದು ನೀರಿಂದ ಅಲ್ಲ. ನನ್ನಿಂದ. ಹಗ್ಗ ಬಿಚ್ಚೋದು ಮರೆತೆ."

ಅವಳು ಒಂದು ದೀಪದ ಗಾಜು ಒರೆಸುತ್ತಿದ್ದಳು. ಒರೆಸಿ ಮುಗಿಸಿದಳು.

"ಅವನಿಗೆ ಗೊತ್ತಿತ್ತಾ?"

"ಇಲ್ಲ."

"ಹಾಗಾದ್ರೆ ಭಾವ ಸರಿ ಮಾಡ್ತಾರೆ ಅಂತ ಕಾದಿದ್ದಾನೆ."

"ಹೂಂ."

ಅವಳು ಕಿಟಕಿಯಾಚೆ ನಿಂತಿದ್ದವನಿಗೆ ದೀಪ ಕೊಟ್ಟಳು. "ಮುಂದೆ ಬನ್ನಿ" ಎಂದಳು ಅವನ ಹಿಂದಿನವನಿಗೆ.

ಅದಾದ ಮೇಲೆ ಅವನನ್ನು ಯಾರೂ ನೋಡೋಣಪ್ಪ ಎನ್ನಲಿಲ್ಲ. ಬಿಲ್ಲೆಯಲ್ಲಿ ಮಲಗಿದ್ದ ಹೆಸರನ್ನು ಎಬ್ಬಿಸಿ ತಂದು, ಬಹುವಚನ ಹಚ್ಚಿ ಕರೆದೆವು. ನಮ್ಮ ಗಣಿಯಲ್ಲಿ ಅಡ್ಡಹೆಸರು ಉದುರುವುದು ಮನುಷ್ಯ ಸತ್ತಾಗ ಮಾತ್ರ. ಅವನೂ 'ನೋಡೋಣ' ಎನ್ನುವುದನ್ನು ಬಿಟ್ಟ. ಟೀ ಕೊಟ್ಟರೆ ಹಾಗೆಯೇ ಕುಡಿಯುತ್ತಾನೆ, ತಣ್ಣಗಿದ್ದರೂ. ಏನು ಮಾಡಿದರೂ ತಕ್ಷಣ ರೈಟ್ ಎಂದು ಬರೆಸುತ್ತಾನೆ. ಒಂದನ್ನು ಬಿಟ್ಟು.

ಗಣಿಯ ಆ ತಳವನ್ನು ಸಿಮೆಂಟು ಸುರಿದು ಮುಚ್ಚಿದ ಮೇಲೆ ಮ್ಯಾನೇಜರ್, "ಮೇಲಿನ ರೌಟರಲ್ಲಿ ಕೆಳಗಿನ ದಾರಿ ಇನ್ನೂ ಯಾಕಿದೆ? ತೆಗೆದುಹಾಕಿ" ಎಂದರು. ತೆಗೆದ. ಬರೆಸಲಿಲ್ಲ. ಹಾಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಮೇಲಿನ ಪೆಟ್ಟಿಗೆ ಹಳೆಯದನ್ನೇ ನೆನೆದು ಏಳುತ್ತದೆ. ಸಿಮೆಂಟಿನ ಕೆಳಗಿನ ಪಂಪಿನ ಕೋಣೆಗೆ ದಾರಿ ಇದೆ ಎನ್ನುತ್ತದೆ. ಅವನು ಹೋಗಿ ಮತ್ತೆ ತೆಗೆಯುತ್ತಾನೆ, ಮತ್ತೆ ಬರೆಸುವುದಿಲ್ಲ.

ಮೊನ್ನೆ ಸಂಜೆ ನಾನು ಅವರ ಮನೆಯಲ್ಲಿ ಕೂತಿದ್ದಾಗ ಊರಿಗೆ ಊರೇ ಕರೆಂಟು ಹೋಯಿತು, ಒಂದು ಗಳಿಗೆ ಬಿಟ್ಟು ಬಂತು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು. "ಎಲ್ಲಿಗೆ? ಅದನ್ನ ತೆಗೆಯೋಕಾ?"

"ಹೂಂ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಬಹಳ ಹೊತ್ತು.

"ನಾಳೆ ತೆಗೆದ್ರಾಯ್ತು. ಇವತ್ತೊಂದು ದಿನ ಇರಲಿ ಬಿಡಿ."

ಅವನು ಚಪ್ಪಲಿ ಬಿಚ್ಚಿದ.