ಬಾಗಿಲಿಗೆ ಕಟ್ಟಿದ ಬೇವು

ನನ್ನ ಮೊಮ್ಮಗಳು ಬಲು ಅವಸರದವಳು. ತಿಂಗಳು ತುಂಬುವವರೆಗೂ ಕಾಯದೆ, ೨೦೧೭ರ ಚಳಿಗಾಲದಲ್ಲಿ ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಹುಟ್ಟಿಬಿಟ್ಟಳು. ಎಳೆ ಸೋರೆಕಾಯಿಯಷ್ಟು ಇದ್ದಳು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಪೆನ್ನು ಹಿಡಿದರೆ ಬೆರಳು ನೋಯುತ್ತವೆ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆ ಯಾರಾದರೂ ಬರೆದರೆ ನಮ್ಮ ಬೀಗಿತ್ತಿಯನ್ನೇ ದೊಡ್ಡವರನ್ನಾಗಿ ಮಾಡಿಬಿಡುತ್ತಾರೆ.

ನಾವು ಚಿತ್ರದುರ್ಗದ ಕಡೆಯವರು. ನಮ್ಮ ಯಜಮಾನರು ಬಂದರಿನಲ್ಲಿ ಕ್ರೇನ್ ಓಡಿಸಲು ಬಂದು ಇಲ್ಲೇ ನೆಲೆನಿಂತರು, ಊರಂಚಿನ ಪೆಂಡುರ್ತಿಯಲ್ಲಿ ಮನೆ ಕಟ್ಟಿಸಿದರು. ಮಗಳನ್ನು ವಿಜಯವಾಡದ ತೆಲುಗಿನವರ ಮನೆಗೆ ಕೊಟ್ಟೆವು. ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಒಣಮೆಣಸಿನಕಾಯಿ ಸಗಟು ವ್ಯಾಪಾರದ ದೊಡ್ಡ ಸಂಸಾರ ಅವರದು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಮಗಳು ನಮ್ಮಲ್ಲಿದ್ದಳು.

ಕೂಸು ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಧಾರವಾಡದಿಂದ ಕೆಲಸಕ್ಕೆಂದು ಬಂದಿದ್ದ ಹುಡುಗಿ. ಅವಳ ಮಾತು ಕೇಳಿದರೇ ನನಗೆ ಹೊಟ್ಟೆ ತುಂಬುತ್ತಿತ್ತು.

“ಅಜ್ಜೀ, ಕೂಸಿನ ಪುಪ್ಪುಸ ಇನ್ನೂ ಹಸಿ ಅದಾವ. ನಿಮಗ ಬರೋ ನೆಗಡಿ ಬರೇ ನೆಗಡಿ, ಇಕಿಗೆ ಅದೇ ನ್ಯುಮೋನಿಯಾ ಆಗ್ತದ. ಕೆಮ್ಮಿದವರ ಬಾಯಿಂದ ಹನಿ ಹಾರ್ತಾವ, ಕೈಗೆ ಕೂಡ್ತಾವ, ಆ ಕೈಲೇ ಗಲ್ಲ ಹಿಂಡ್ತಾರ. ನಾ ಹೇಳೋ ತನಕ ಹೊರಗಿನವರು ಯಾರೂ ಮುಟ್ಟಬಾರದು. ಮುದ್ದು ಕೊಡೋದಂತೂ ಬ್ಯಾಡೇ ಬ್ಯಾಡ.”

“ಆಯ್ತು ಕಣವ್ವಾ” ಎಂದು ಬಂದೆ. ಹೇಳಿದಷ್ಟು ಸುಲಭವೇ ಅದು? ಹೆರಿಗೆಯಾದ ಮನೆಗೆ ಹನ್ನೊಂದು ದಿನ ಪುರುಡು ಅಂತ ಒಂದಿರುತ್ತದೆ, ಯಾರೂ ಬಂದು ಮುಟ್ಟುವುದಿಲ್ಲ. ನಮ್ಮ ಹಿರಿಯರು ಸುಮ್ಮನೆ ಮಾಡಿದ ಕಟ್ಟಲ್ಲ ಅದು. ಆದರೆ ನಮ್ಮ ಕೂಸಿನ ಪುರುಡೆಲ್ಲ ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಮನೆಗೆ ಕಾಲಿಟ್ಟಾಗ ನಮಗೂ ಬೀದಿಗೂ ನಡುವೆ ಅಡ್ಡ ಏನೂ ಉಳಿದಿರಲಿಲ್ಲ.

ಆ ಚಳಿಗಾಲ ಮನೆಮನೆಯಲ್ಲೂ ಕೆಮ್ಮು. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದಾಕೆ ಮೊದಲ ದಿನವೇ ಕೂಸಿಗೆ ಅಂಗಿ ಹಿಡಿದು ಇಳಿದು ಬಂದರು. ಬಾಗಿಲಲ್ಲೇ ಎರಡು ಸಲ ಕೆಮ್ಮಿ, “ಇದೇನಿಲ್ಲ, ಧೂಳು” ಎಂದರು. ಡಾಕ್ಟರು ಬೇಡವೆಂದಿದ್ದಾರೆ ಎಂದೆ. “ಡಾಕ್ಟರ್‌ಗಳು ಎಲ್ಲರಿಗೂ ಹಾಗೇ ಹೇಳ್ತಾರೆ ಬಿಡಿ” ಎಂದು ನನ್ನ ತೋಳಿನ ಕೆಳಗೆ ನುಸುಳಲು ನೋಡಿದರು! ಮಗು ನಿದ್ದೆ ಹೋಗಿದೆ, ಬಾಣಂತಿ ಸ್ನಾನಕ್ಕೆ ಹೋಗಿದ್ದಾಳೆ ಎಂದು ಹೇಗೋ ಸಾಗಹಾಕಿದೆ. ಸಂಜೆ ಮತ್ತಿಬ್ಬರು. ಮಾರನೆಯ ದಿನ ಭಜನೆಯ ಹೆಂಗಸರು ಗುಂಪಾಗಿ. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸಿದರೆ ಜನ್ಮಕ್ಕೂ ಮಾತು ಬಿಡುತ್ತಾರೆ, ಒಳಗೆ ಬಿಟ್ಟರೆ ಕೂಸು ಉಳಿಯಬೇಕಲ್ಲ!

ಅಂಗಳದ ಬೇವಿನ ಮರ ಕಂಡದ್ದೇ ತಡ, ನನಗೆ ದಾರಿ ಹೊಳೆಯಿತು. ಒಂದು ರೆಂಬೆ ಮುರಿದು ಬಾಗಿಲಿನ ಎರಡೂ ಕಡೆ ಕಟ್ಟಿದೆ. ನಮ್ಮ ಕಡೆ ಅಮ್ಮ ಬಂದಿದೆ ಎನ್ನುತ್ತೇವೆ, ಇವರು ಅಮ್ಮವಾರು ಎನ್ನುತ್ತಾರೆ. ಸಿಡುಬೋ ದಡಾರವೋ, ಮೈಮೇಲೆ ಗುಳ್ಳೆ ಎದ್ದ ಮನೆಗೆ ಬೇವು ಕಟ್ಟುವುದು ಎರಡೂ ಕಡೆ ಇದೆ. ಬೇವು ಕಂಡ ಹೊಸ್ತಿಲನ್ನು ಯಾರೂ ದಾಟುವುದಿಲ್ಲ. ಡಾಕ್ಟರಿಗೆ ಬಗ್ಗದವರು ದೇವಿಗೆ ಬಗ್ಗುತ್ತಾರೆ.

ನಮ್ಮ ಯಜಮಾನರು ಪೇಪರ್ ಇಳಿಸಿ ನೋಡಿದರು.

“ದೇವಿ ಹೆಸರಲ್ಲಿ ಸುಳ್ಳು ಹೇಳ್ತೀಯೇನೇ?”

“ನಾನೆಲ್ಲಿ ಸುಳ್ಳು ಹೇಳ್ದೆ? ಬೇವಿನ ಸೊಪ್ಪು ಕಟ್ಟಿದೀನಿ ಅಷ್ಟೆ. ಯಾಕೆ ಅಂತ ಯಾರೂ ಕೇಳ್ಲಿಲ್ಲ.”

“ಕೇಳಿದ್ರೆ?”

“ಕೇಳೋಕೆ ಹತ್ರ ಬಂದ್ರೆ ತಾನೆ!”

ಹಾಗೇ ಆಯಿತು. ಹಾಲಿನವನು ಪಾಕೀಟನ್ನು ಗೇಟಿಗೆ ಸಿಕ್ಕಿಸಿ ಓಡಿದ. ಮೇಲಿನ ಮನೆಯಾಕೆ ಮೆಟ್ಟಿಲಿಂದಲೇ ಕೈಮುಗಿದು ಹೋದರು. ನಾನು ಕೈ ತೊಳೆದು, ಒಗೆದ ಸೀರೆಯುಟ್ಟು, ಮಗಳ ಎದೆಯ ಮೇಲೆ ಕೂಸನ್ನು ಬೆಚ್ಚಗೆ ಒರಗಿಸಿ ಕೂರುತ್ತಿದ್ದೆ. ಕೂಸು ಉಸಿರಾಡುವಾಗ ಪಕ್ಕೆಯ ಚರ್ಮ ಒಳಕ್ಕೆ ಹೋಗಿ ಬರುವುದನ್ನು ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನನ್ನ ಉಸಿರು ಬಿಡುವುದನ್ನೇ ಮರೆಯುತ್ತಿದ್ದೆ.

ಆದರೆ ಕೆಮ್ಮಿಗಿಂತ ಬೇಗ ಹರಡುವುದು ಸುದ್ದಿ. ಅದು ಫೋನಿನಲ್ಲಿ ವಿಜಯವಾಡ ಮುಟ್ಟಿತು. ಮಗಳೇ ಫೋನ್ ಮಾಡಿ ನಿಜ ಹೇಳುವಷ್ಟರಲ್ಲಿ ಬೀಗಿತ್ತಿ ರೈಲು ಹತ್ತಿಯಾಗಿತ್ತು, ಗಡಿಬಿಡಿಯಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟಿದ್ದರು.

ಮಧ್ಯಾಹ್ನ ಗೇಟಿನ ಹೊರಗೆ ನಿಂತಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ. ಸಣ್ಣ ಮಗುವಿಗೆ ಅಮ್ಮವಾರು ಬಂದಿದೆಯೆಂದು ಹರಕೆ ಹೊತ್ತು ಬರಿಗಾಲಲ್ಲೇ ಮನೆ ಬಿಟ್ಟಿದ್ದರು. ಅಷ್ಟು ದೂರದಿಂದ ಬಂದವರು ಬೇವು ನೋಡಿ ಗೇಟು ಮುಟ್ಟಲಿಲ್ಲ. ದಾರಿಯ ಮೈಲಿಗೆಯಲ್ಲಿ ದೇವಿಯ ಮನೆಗೆ ಹೇಗೆ ಬರುವುದು ಎಂದು ಬಿಸಿಲಲ್ಲೇ ನಿಂತು ಅಳುತ್ತಿದ್ದರು. “ವದಿನಗಾರೂ, ನನಗೊಂದು ಮಾತು ಹೇಳಬಾರದಿತ್ತಾ? ಅವಳು ನನಗೂ ಮೊಮ್ಮಗಳಲ್ಲವಾ?” ವದಿನಗಾರು ಎಂದರೆ ತೆಲುಗಿನಲ್ಲಿ ಅತ್ತಿಗೆಯವರು, ಬೀಗಿತ್ತಿಯರು ಹಾಗೇ ಕರೆದುಕೊಳ್ಳುತ್ತೇವೆ.

ನಾನು ಓಡಿಹೋಗಿ ಗೇಟಿನ ಈಚೆ ಕೂತು, ನನಗೆ ಬಂದ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಅಳು ನಿಂತಿತು.

“ಅಂದರೆ ಪಾಪಗೆ ಏನೂ ಇಲ್ಲ?”

“ಏನೂ ಇಲ್ಲ. ಹಾಲು ಕುಡಿದು ಮಲಗಿದ್ದಾಳೆ.”

“ಅಮ್ಮವಾರು?”

“ನಾನೇ.”

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೆರಗು ಬಾಯಿಗೆ ತುರುಕಿ ನಗತೊಡಗಿದರು. “ಕನ್ನಡದವರು ಮೆತ್ತನೆಯ ಜನ ಅಂತ ಮದುವೆಯಲ್ಲಿ ಎಲ್ಲರಿಗೂ ಹೇಳಿದ್ದೆನಲ್ಲಮ್ಮಾ! ನನ್ನ ಚಪ್ಪಲಿ ಬಿಡಿಸಿಬಿಟ್ಟಿರಿ.” ನಗುತ್ತಾ ನಗುತ್ತಾ ಕೆಮ್ಮಿದರು. ನಿಲ್ಲಿಸಲು ನೋಡಿದಷ್ಟೂ ಕೆಮ್ಮು ಒತ್ತಿಬಂತು. ಎದೆಯ ಆಳದಿಂದ ಬರುವ ಕೆಮ್ಮು.

ನಾನು ಗೇಟಿನಿಂದ ಹಿಂದಕ್ಕೆ ಸರಿದು ಕೂತೆ.

“ಮೆಣಸಿನಕಾಯಿ ಘಾಟು” ಎಂದರು ಮೊದಲು. ಆಮೇಲೆ ಅವರೇ, “ಅಲ್ಲ. ಕೊಂಡಪಲ್ಲಿಯಲ್ಲಿ ಮದುವೆಗೆ ಹೋಗಿ ಬಂದಾಗಿನಿಂದ” ಎಂದರು. ಮತ್ತೆ ಕೇಳಿದರು: “ನಾನೂ ಹೊರಗೇನಾ?”

ಹಡೆದವಳ ತಾಯಿ ನಾನು ಒಳಗೆ, ಆ ಕೂಸು ಯಾವ ಮನೆಯದೋ ಆ ಮನೆಯ ಹಿರಿಯಳು ಹೊರಗೆ. ಇಂಥ ಮಾತಿನಿಂದಲೇ ಸಂಬಂಧ ಮುರಿದದ್ದನ್ನು ನಾನು ನೋಡಿದ್ದೇನೆ. ಆದರೆ ಆ ಪಕ್ಕೆ ಒಳಕ್ಕೆ ಹೋಗಿ ಬರುವುದನ್ನೂ ನೋಡಿದ್ದೇನೆ.

“ನೀವೂ ಹೊರಗೇ, ವದಿನಗಾರೂ.”

ಅವರು ಗೇಟು ದಾಟಿ ಕಿಟಕಿಯ ಬಳಿಗೆ ಬಂದು ನಿಂತರು. ಮಗಳು ಕೂಸನ್ನೆತ್ತಿ ಕಿಟಕಿಯ ಗಾಜಿನ ಹಿಂದೆ ತಂದಳು. ಅವರು ಗಾಜಿಗೆ ಹಣೆ ಒತ್ತಲು ಹೋಗಿ, ಏನೋ ನೆನಪಾದಂತೆ ಒಂದು ಹೆಜ್ಜೆ ಹಿಂದೆ ಸರಿದರು. “ನನ್ನ ಅತ್ತೆಯ ಮೂಗು” ಎಂದರು. “ಪರವಾಗಿಲ್ಲ, ದೊಡ್ಡವಳಾದರೆ ಸರಿಹೋಗುತ್ತದೆ.”

ಊರಿಗೆ ಹಿಂತಿರುಗಲಿಲ್ಲ ಅವರು. ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಉಳಿದುಕೊಂಡರು. ಊಟದ ತಟ್ಟೆಯನ್ನು ನಾನು ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದೆ. “ಸಾರಿಗೆ ಖಾರವೇ ಇಲ್ಲ, ಇದು ಸಾರಾ, ಕೈ ತೊಳೆದ ನೀರಾ?” ಎಂದು ಮೇಲಿಂದ ಕೂಗುತ್ತಿದ್ದರು. ಆ ಕೂಗು ಕೇಳಿದರೆ ಜೀವ ಗಟ್ಟಿ ಇದೆಯೆಂದು ನನಗೆ ಸಮಾಧಾನ.

ಅಷ್ಟರಲ್ಲಿ ಸರ್ಕಾರಿ ನರ್ಸಮ್ಮ ಬಂದಳು. ಬೇವು ಕಟ್ಟಿದ ಸುದ್ದಿ ಅವಳಿಗೂ ಮುಟ್ಟಿತ್ತು, ದಡಾರವಿದೆಯೇ ಎಂದು ನೋಡಲು ಬಂದಿದ್ದಳು. ನಿಜ ಹೇಳಿದೆ. ನಕ್ಕಳು, ಆಮೇಲೆ ಗಂಭೀರವಾದಳು. “ಅಮ್ಮಮ್ಮಾ, ನಾಳೆ ಬೀದಿಯಲ್ಲಿ ನಿಜವಾಗಿ ದಡಾರ ಬಂದು ಬೇವು ಕಟ್ಟಿದರೆ, ಇದೂ ಸುಮ್ಮನೆ ಕಟ್ಟಿದ್ದು ಅಂತಾರೆ. ತೆಗೆದುಬಿಡಿ.” ಆದರೆ ಬಂದವಳು ಸುಮ್ಮನೆ ಹೋಗಲಿಲ್ಲ. ಹೇಗೂ ಹೆದರಿದ್ದಾರೆ ಎಂದು ಬೀದಿಯ ಮನೆಮನೆಗೂ ಹೋಗಿ, ದಡಾರದ ಸೂಜಿ ತಪ್ಪಿಸಿಕೊಂಡ ಮಕ್ಕಳನ್ನೆಲ್ಲ ಹುಡುಕಿ ಚುಚ್ಚಿಸಿದಳು. ಆ ಮಕ್ಕಳ ಅಳು ನಮ್ಮ ಮನೆಯವರೆಗೂ ಕೇಳಿತು. ನನಗಂತೂ ಹಬ್ಬದ ಓಲಗದಂತೆ ಕೇಳಿಸಿತು.

ಬೇವು ಇಳಿಸಿದೆ. ಅಂದೇ ಬೀಗಿತ್ತಿ ತಾರಸಿಯಿಂದ ಇಳಿದು ಮೂಗುಬಾಯಿಗೆ ಕರ್ಚೀಫು ಕಟ್ಟಿ, ಗೇಟಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. “ಎಲೆ ಯಾಕೆ? ನಾನಿದ್ದೇನೆ.” ಮಿರ್ಚಿ ದಲ್ಲಾಳಿಗಳ ಜೊತೆ ಜಗಳವಾಡಿ ಪಳಗಿದ ಬಾಯಿ ಅದು. ಬಂದವರಿಗೆ ದೂರದಿಂದಲೇ, “ನನ್ನನ್ನೇ ಒಳಗೆ ಬಿಟ್ಟಿಲ್ಲ, ನೀವು ಯಾವ ಊರಿನವರು?” ಎನ್ನುತ್ತಿದ್ದರು. ಬಂದವರು ಅಲ್ಲಿಂದಲೇ ತಿರುಗುತ್ತಿದ್ದರು. ಯಾರೂ ಮುನಿಸಿಕೊಳ್ಳಲೂ ಇಲ್ಲ, ಸ್ವಂತ ಅಜ್ಜಿಯೇ ಹೊರಗೆ ಕೂತಿರುವಾಗ ಮುನಿಸಿಕೊಳ್ಳುವುದು ಹೇಗೆ? ಮೇಲಿನ ಮನೆಯಾಕೆ ಅವರಿಂದ ತುಸು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಇಬ್ಬರೂ ಜೊತೆಯಾಗಿ ಕೆಮ್ಮುತ್ತಾ ಹರಟುತ್ತಿದ್ದರು.

ಬರಬರುತ್ತಾ ಅವರ ಕೆಮ್ಮು ಹೋಯಿತು. ಕೂಸಿನ ಪಕ್ಕೆ ತುಂಬಿಕೊಂಡಿತು, ಕೆನ್ನೆ ಬಂತು. ಧಾರವಾಡದ ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, “ಅಜ್ಜೀ, ಇನ್ನ ಹೆದರಬ್ಯಾಡ್ರಿ. ಕೈ ತೊಳಕೊಂಡು, ಜಡ್ಡು ಇಲ್ಲದವರು ಎತ್ತಿಕೊಳ್ಳಲಿ” ಎಂದಳು. ನಾನು ಅಲ್ಲೇ ಅವಳ ಎರಡೂ ಕೈ ಹಿಡಿದುಬಿಟ್ಟೆ. ಪಾಪ, ಅವಳು ಮತ್ತೆ ತೊಳೆದುಕೊಳ್ಳಬೇಕಾಯಿತು.

ಆಸ್ಪತ್ರೆಯ ಹೊರಗಿನ ಮರದಡಿ ಬೀಗಿತ್ತಿ ಕಾಯುತ್ತಿದ್ದರು. ಒಳಗೆ ಬನ್ನಿ ಎಂದರೂ ಬಂದಿರಲಿಲ್ಲ, ಅಲ್ಲಿ ರೋಗಿಗಳಿರುತ್ತಾರಂತೆ! ನನ್ನ ಮುಖ ನೋಡಿದ್ದೇ ತಡ, ಎದ್ದು ನಲ್ಲಿಗೆ ಓಡಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ನೊರೆ ಕಳೆದು ಮತ್ತೆ ತೊಳೆದರು. ಸೆರಗಿಗೆ ಒರೆಸಿಕೊಳ್ಳಲು ಹೋಗಿ ನಿಲ್ಲಿಸಿ, ಒದ್ದೆ ಕೈಗಳನ್ನು ಗಾಳಿಗೆ ಹಿಡಿದು ನಿಂತರು.

ನಾನೇ ಕೂಸನ್ನು ಅವರ ತೋಳಿಗಿಟ್ಟೆ. ಕೈಯ ತಣ್ಣೀರು ತಾಗಿದ್ದಕ್ಕೆ ಅವಳು ಬೆಚ್ಚಿ, ಬಾಯಿ ಅಗಲಿಸಿ, ಎದೆ ತುಂಬ ಗಾಳಿ ಎಳೆದು ಚೀರಿದಳು. ಆಟೋ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು.

“ವಿನ್ನಾರಾ ವದಿನಗಾರೂ, ಕೇಳಿದಿರಾ!” ಎಂದರು ಬೀಗಿತ್ತಿ, ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿಯಿಲ್ಲದೆ. “ಒನ್ ಟೌನಿನ ಸಂತೆಯಲ್ಲಿ ಬೇಕಾದ ಗಂಟಲು ಇದು!”

“ಅಳಿಸಬೇಡಿ, ಕೊಡಿ ಇಲ್ಲಿ” ಎಂದೆ.

“ಇನ್ನು ನೀವು ಹೊರಗೆ” ಎಂದರು, ಕೊಡಲಿಲ್ಲ.