ಲಕ್ಷ್ಮಿ ಮುಖದ ಪೊಟ್ಟಣ

ಪೊಟ್ಟಣ ಕಂಡರೆ ಸಾಕು, ಅದನ್ನು ಹೇಗೆ ಕಟ್ಟಿದ್ದಾರೆಂದು ಬಿಚ್ಚಿ ನೋಡುವ ಚಾಳಿ ನನ್ನದು. ಚನ್ನಗಿರಿಯ ನಮ್ಮ ಬೀದಿಯ ಕಿರಾಣಿ ಅಂಗಡಿಯಿಂದ ಸಕ್ಕರೆ ತಂದರೆ, ಸಕ್ಕರೆ ಡಬ್ಬಿಗೆ ಹೋಗುತ್ತಿತ್ತು, ಕಾಗದ ನನ್ನ ಕೈಗೆ ಬರುತ್ತಿತ್ತು. ಅಂಟಿಲ್ಲದೆ, ಬರೀ ದಾರದಲ್ಲಿ ಅದು ಹೇಗೆ ನಿಲ್ಲುತ್ತದೆ? ಮೂಲೆಯನ್ನು ಮೊದಲು ಒಳಗೆ ತಳ್ಳುತ್ತಾರೋ, ಕೊನೆಗೋ? ಮಡಿಕೆಯ ಗೆರೆ ಹಿಡಿದು ಮತ್ತೆ ಮತ್ತೆ ಕಟ್ಟಿ ನೋಡುತ್ತಿದ್ದೆ. "ಓದಾಕೆ ಹೇಳಿದ್ರೆ ಇಷ್ಟು ಹೊತ್ತು ಕೂರ್ತಿದ್ಯೇನೇ?" ಎಂದು ಅಮ್ಮ ಬೈಯುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಉಡುಗೊರೆ ಸುತ್ತುವುದಕ್ಕೆಂದೇ ಬಣ್ಣದ ಕಾಗದ ಕೊಳ್ಳುವಷ್ಟು ಶಕ್ತಿ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಮದುವೆ, ಗೃಹಪ್ರವೇಶ ಬಂದರೆ ನನಗೆ ಕರೆ ಬರುತ್ತಿತ್ತು. ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದದಿಂದ ಹೂವು ಮಾಡುತ್ತಿದ್ದೆ, ಹಳೆ ಸೀರೆಯ ಅಂಚು ಕತ್ತರಿಸಿ ಪಟ್ಟಿ ಕಟ್ಟುತ್ತಿದ್ದೆ, ಮೈದಾ ಕುದಿಸಿ ಅಂಟು ಕಾಯಿಸುತ್ತಿದ್ದೆ. ಒಂದೇ ಕೊರಗು. ಕೊಟ್ಟವರ ಎದುರಿಗೇ ಉಡುಗೊರೆ ಬಿಚ್ಚಿದರೆ ನಮ್ಮಲ್ಲಿ ಆಸೆಬುರುಕರು ಅನ್ನುತ್ತಾರೆ. ನಾನು ಕಟ್ಟಿದ್ದನ್ನು ಜನ ಪರ್ರನೆ ಹರಿಯುತ್ತಾರೋ, ಮೆಲ್ಲಗೆ ಬಿಡಿಸುತ್ತಾರೋ, ಒಂದು ಸಲವೂ ಕಂಡವಳಲ್ಲ.

ಪಕ್ಕದ ಮನೆಯ ನನ್ನ ಗೆಳತಿಗೆ ಜಗಳೂರು ಕಡೆಯ ಸೊಕ್ಕೆಯ ಗಂಡು ಗೊತ್ತಾಯಿತು. ಅದೇ ತಿಂಗಳು, ಮೇಷ್ಟ್ರಾಗಿದ್ದ ಅವಳಪ್ಪನಿಗೆ ನ್ಯಾಮತಿಗೆ ವರ್ಗವೂ ಆಯಿತು. ಇನ್ನು ಹಬ್ಬಕ್ಕೆ ತವರಿಗೆ ಬಂದರೂ ಅವಳು ಬರುವುದು ನ್ಯಾಮತಿಗೆ, ಚನ್ನಗಿರಿಗಲ್ಲ. ನಮಗುಳಿದದ್ದು ಕಾಗದ ಬರೆಯುವುದೊಂದೇ. ಹೊಸ ಸೊಸೆ ಅದಕ್ಕೆಲ್ಲ ಅತ್ತೆಯ ಮುಂದೆ ಕೈಚಾಚಬಾರದೆಂದು, ನನ್ನ ಹತ್ತಿರ ಇದ್ದುದನ್ನೆಲ್ಲ ಸುರಿದು ಅಂಚೆ ಕಚೇರಿಯಿಂದ ಒಂದು ಕಟ್ಟು ಇನ್‌ಲ್ಯಾಂಡ್ ಕಾಗದ ತಂದೆ. ಪ್ರತಿಯೊಂದರ ಮೇಲೂ ನಮ್ಮ ಮನೆ ವಿಳಾಸ ಬರೆದೆ. ಸುತ್ತುವುದಕ್ಕೆ ಬಿಡಿಗಾಸು ಉಳಿಯಲಿಲ್ಲ. ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇತ್ತು. ನುಣುಪಾದ ಕಾಗದ, ಕಮಲದ ಮೇಲೆ ಕೂತ ಲಕ್ಷ್ಮಿ. ಲಕ್ಷ್ಮಿಯ ಮುಖ ಸರಿಯಾಗಿ ನಡುವೆ ಬರುವಂತೆ ಮಡಚಿ ಅಂಟಿಸಿದೆ. ಅಷ್ಟು ಚಂದದ ಪೊಟ್ಟಣ ನಾನು ಹಿಂದೆಂದೂ ಕಟ್ಟಿರಲಿಲ್ಲ. ಮದುವೆಯ ದಿನ ಅವಳ ಕೈಗಿಟ್ಟು, "ಮೊದಲು ನೀನೇ ಬರೀಬೇಕು" ಎಂದೆ. "ಆಗ್ಲಿ ಕಣೇ" ಎಂದಳು.

ಅವಳು ಬರೆಯಲಿಲ್ಲ. ಅಂಚೆಯವನು ಬೀದಿಗೆ ಬಂದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದೆ. ಆಷಾಢದ ಹೊತ್ತಿಗೆ ಅದನ್ನೂ ಬಿಟ್ಟೆ. ಗಂಡ ಸಿಕ್ಕ ಮೇಲೆ ಗೆಳತಿ ಯಾವ ಲೆಕ್ಕ ಅಂದುಕೊಂಡೆ. ಕಾಗದ ಕೊಟ್ಟು, ವಿಳಾಸವನ್ನೂ ಬರೆದುಕೊಟ್ಟರೆ ಒಂದು ಸಾಲು ಗೀಚದವಳಿಗೆ ನಾನ್ಯಾಕೆ ಬರೆಯಲಿ? ನನಗೆ ಸಿಟ್ಟು ಬಂದರೆ ಸುಲಭಕ್ಕೆ ಇಳಿಯುವುದಲ್ಲ.

ಮರುವರ್ಷ ಜಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಕೂಸಿನ ನಾಮಕರಣವಿತ್ತು. ಅದನ್ನು ಮುಗಿಸಿ ಸೊಕ್ಕೆಯ ಬಸ್ಸು ಹತ್ತಿದೆ. ಜಗಳ ಆಡಿಯೇ ಬರಬೇಕೆಂದು ಹೊರಟಿದ್ದೆ.

ಗೆಳತಿ ನನ್ನನ್ನು ಕಂಡವಳೇ ಕೈ ಹಿಡಿದು ಒಳಗೆಳೆದುಕೊಂಡಳು. ನಡುಮನೆಗೆ ಕಾಲಿಟ್ಟರೆ ದೇವರ ಗೂಡಿನಲ್ಲಿ ನನ್ನ ಪೊಟ್ಟಣ. ಲಕ್ಷ್ಮಿಯ ಹಣೆಗೆ ಕುಂಕುಮ, ಪಕ್ಕದಲ್ಲಿ ಸೇವಂತಿಗೆ. ಒಂದು ಮಡಿಕೆಯೂ ಬಿಚ್ಚಿರಲಿಲ್ಲ.

"ಇದನ್ನ ಬಿಚ್ಚೇ ಇಲ್ವೇನೇ?" ಎಂದೆ.

"ಹೆಂಗೆ ಬಿಚ್ಚಲಿ? ದೇವರ ಮುಖ ಹರಿಯಾಕೆ ಅತ್ತೆ ಬಿಡಲಿಲ್ಲ."

ಅವಳತ್ತೆ ಒಲೆಯ ಮುಂದಿನಿಂದಲೇ ಅಂದರು: "ಮನೆಗೆ ಬಂದ ಲಕ್ಷ್ಮೀನ ಹರಿಯಾಕಾಗ್ತೈತೇನವ್ವಾ? ಶುಕ್ರವಾರ ಶುಕ್ರವಾರ ಊದಿನಕಡ್ಡಿ ಹಚ್ತೀನಿ. ಆದ್ರೆ ಒಳಗೇನೈತೆ ಅಂತ ನೋಡಾಕೆ ನನಗೂ ಆಸೆ ಐತೆ."

ಬೆರಳನ್ನು ನೀರಿಗದ್ದಿ ಹಿಂಬದಿಯ ಅಂಟನ್ನು ನೆನೆಸಿದೆ. ಮೈದಾ ಅಂಟು, ಬೇಗ ಮೆತ್ತಗಾಯಿತು. ಮೂವರೂ ತಲೆ ಬಗ್ಗಿಸಿಕೊಂಡು ಕೂತಿದ್ದೆವು. ನಾನಂತೂ ಪೊಟ್ಟಣ ಬಿಟ್ಟು ಗೆಳತಿಯ ಮುಖವನ್ನೇ ನೋಡುತ್ತಿದ್ದೆ. ಲಕ್ಷ್ಮಿಗೆ ಒಂದು ಗೀರೂ ಬೀಳದಂತೆ ಕಾಗದ ಬಿಟ್ಟುಕೊಂಡಿತು.

ನೀಲಿ ಇನ್‌ಲ್ಯಾಂಡ್‌ಗಳನ್ನು ಅವಳು ಒಂದೊಂದಾಗಿ ತಿರುಗಿಸಿ ನೋಡಿದಳು. ಎಲ್ಲದರ ಮೇಲೂ ನನ್ನ ಅಕ್ಷರ.

"ನೋಡು, ಇದಕ್ಕೇ ವರ್ಷವೆಲ್ಲ ಕಾಯ್ತಿದ್ದೆ ನಾನು" ಎಂದೆ, ತಪ್ಪೆಲ್ಲ ಲಕ್ಷ್ಮಿಯದೇ ಎಂಬಂತೆ.

ಅವಳು ತಲೆ ಎತ್ತಿದಳು. "ನಾನೂ ಕಾಯ್ತಿದ್ದೆ. ನನ್ ಹತ್ರ ಕಾಗದ ಇರಲಿಲ್ಲ, ಕೇಳಾಕೆ ನಾಚಿಕೆ. ನಿನ್ ಹತ್ರ ಏನಿರಲಿಲ್ಲ?"

ಅಂಚೆ ಕಚೇರಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಬರೆಯುವುದಕ್ಕೆ ಇಂಕಿತ್ತು, ಬಿಡುವಿತ್ತು, ಅವಳ ಗಂಡನ ಹೆಸರೂ ಊರೂ ಗೊತ್ತಿತ್ತು.

"ನನ್ ಹತ್ರ ಹಟ ಇತ್ತು" ಎಂದೆ. ಜಗಳ ಆಡಲು ಬಂದವಳು ಅವರ ನಡುಮನೆಯಲ್ಲಿ ಕೂತು ಅತ್ತುಬಿಟ್ಟೆ.